ಎಲ್ಲರಿಗಿಂತ ಮೊದಲು ಇಳಿಯುವ ಭಾಗ್ಯ

‘ಅಕ್ಕ ಹಡಗು ಹತ್ತೋದು ಆಗದ ಮಾತು. ಅವಳಿಗೆ ಶಿವಮೊಗ್ಗದ ಬಸ್ಸು ಹತ್ತೋಕೇ ಒಬ್ಬರು ಹಿಂದಿಂದ ತಳ್ಳಬೇಕು.’

ಹೀಗೆ ಅಂದವರು ಭದ್ರಾವತಿ ಜನ್ನಾಪುರದಲ್ಲಿರುವ ನನ್ನ ಸೋದರಮಾವ, ಅಮ್ಮನ ತಮ್ಮ. ಅವರು ಹಾಗೇ. ನಾನು ಬಿಎ ಮಾಡ್ತೀನಿ ಅಂದಾಗಲೂ ‘ಆಗದ ಮಾತು’ ಅಂದಿದ್ದರು. ನಮ್ಮ ಕಡೆ ಅದುವರೆಗೆ ಹೈಸ್ಕೂಲು ದಾಟಿದವರೇ ಇರಲಿಲ್ಲ. ನಾನು ದಾಟಿದೆ. ಘಟಿಕೋತ್ಸವದ ದಿನ ಮನೆಯವರಿಗೆ ಅಂತ ಒಂದೇ ಪಾಸ್ ಸಿಕ್ಕಿತು. ಅಮ್ಮ ಅದನ್ನು ಮಾವನ ಕೈಗಿಟ್ಟಳು.

‘ಅವನೇ ಹೋಗಿ ನೋಡಲಿ. ಆಗಲ್ಲ ಅಂದಿದ್ದು ಅವನೇ ಅಲ್ವಾ?’

ತಾನು ಗೇಟಿನ ಹೊರಗೆ ನಿಂತಳು. ನಾನು ಗೌನು ಹಾಕಿಕೊಂಡು ವೇದಿಕೆ ಹತ್ತಿದ್ದನ್ನು ನೋಡಲಿಲ್ಲ. ಅವತ್ತಿನಿಂದ ನನ್ನ ತಲೆಯಲ್ಲಿ ಒಂದು ಹುಳ. ಒಂದೇ ಒಂದು ಕಡೆ, ಒಂದೇ ಒಂದು ಸಲ, ಅಮ್ಮನನ್ನು ಎಲ್ಲರಿಗಿಂತ ಮೊದಲು ಒಳಗೆ ಕಳಿಸಬೇಕು.

ಹೋದ ತಿಂಗಳು ಮುಂಬೈನಿಂದ ಹೊರಟು ಮುಂಬೈಗೇ ಬರುವ ಎರಡು ರಾತ್ರಿಯ ಕ್ರೂಸ್ ಬುಕ್ ಮಾಡುವಾಗ ಕೊನೆಯಲ್ಲಿ ಒಂದು ಬಾಕ್ಸ್ ಬಂತು. ‘ಪ್ರಯಾರಿಟಿ’ ಬೇಕಾ? ಹತ್ತುವಾಗಲೂ ಮೊದಲು, ಇಳಿಯುವಾಗಲೂ ಮೊದಲು. ಎಕ್ಸ್‌ಟ್ರಾ ದುಡ್ಡು. ಕಣ್ಣು ಮುಚ್ಚಿ ಟಿಕ್ ಮಾಡಿದೆ.

ಆಮೇಲೆ ಯೋಚನೆ ಹತ್ತಿತು. ಹಡಗಿನಲ್ಲಿ ಎಲ್ಲರಿಗೂ ರೂಮು ಗ್ಯಾರಂಟಿ. ನಿಂತುಕೊಂಡು ಹೋಗುವ ಪ್ಯಾಸೆಂಜರ್ ಒಬ್ಬರೂ ಇಲ್ಲ. ಎಲ್ಲರೂ ಹತ್ತುವ ತನಕ ಅದು ಹೊರಡುವುದೂ ಇಲ್ಲ. ಹಾಗಿದ್ದ ಮೇಲೆ ಮೊದಲು ಹತ್ತಿದವರು ಏನು ಮಾಡುತ್ತಾರೆ?

ಬಂದರಿನಲ್ಲಿ ಸಾಮಾನ್ಯರ ಕ್ಯೂ ಹಾವಿನ ಹಾಗೆ ಸುತ್ತಿಕೊಂಡಿತ್ತು. ನಮ್ಮದರಲ್ಲಿ ಆರೇ ಜನ.

‘ಅವರೆಲ್ಲ ನಮಗಿಂತ ಮುಂಚೆ ಬಂದೋರಲ್ವೇನೇ?’ ಅಮ್ಮ ಕೇಳಿದಳು.

‘ಹೌದು. ನಮ್ಮದು ಬೇರೆ ಲೈನು.’

‘ಯಾಕೆ? ಅವರೇನು ತಪ್ಪು ಮಾಡಿದ್ರು?’

ಮುಂದೆ ನಿಂತಿದ್ದ ಹೆಂಗಸನ್ನು ಕೇಳಿದೆ. ಇದು ಅವರಿಗೆ ಆರನೇ ಕ್ರೂಸ್ ಅಂತೆ. ಮೊದಲು ಹತ್ತಿದರೆ ಏನು ಲಾಭ ಮೇಡಂ? ‘ಊಟದ ಹಾಲ್‌ನಲ್ಲಿ ರಶ್ ಇರಲ್ಲ’ ಅಂದರು. (ಇಷ್ಟೇನಾ?)

ಇಷ್ಟೇ. ಒಳಗೆ ಹೋದರೆ ರೂಮುಗಳಿನ್ನೂ ರೆಡಿ ಇಲ್ಲ. ಊಟದ ಹಾಲ್‌ನಲ್ಲಿ ಕಾಯಿರಿ ಅಂದರು. ಅಮ್ಮ ಸೀದಾ ಹೋಗಿ ಕಿಟಕಿ ಪಕ್ಕದ ಎರಡು ಕುರ್ಚಿಗಳ ಮೇಲೆ ಕರ್ಚೀಫು ಹಾಸಿದಳು. ಭದ್ರಾವತಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದ ಕೈ ಅದು.

‘ನೀನು ಇಲ್ಲೇ ಕೂತಿರು. ಇಬ್ರೂ ಎದ್ರೆ ಸೀಟು ಹೋಗುತ್ತೆ.’

ಸುತ್ತ ನೋಡಿದೆ. ಇನ್ನೂರು ಕುರ್ಚಿ ಖಾಲಿ.

ಮೂರನೇ ದಿನ ಬೆಳಗ್ಗೆ ವಾಪಸ್ ಮುಂಬೈ. ‘ಪ್ರಯಾರಿಟಿ ಪ್ರಯಾಣಿಕರು ಮೊದಲು ಇಳಿಯಬಹುದು’ ಅಂತ ಮೈಕಿನಲ್ಲಿ ಕೂಗಿದರು. ನಾನು ಬ್ಯಾಗ್ ಹಿಡಿದು ಬಾಗಿಲಲ್ಲಿ. ಅಮ್ಮ ಒಳಗೆ ಬೆಡ್‌ಶೀಟ್ ಮಡಚುತ್ತಿದ್ದಾಳೆ. ಬಾತ್‌ರೂಮಿನ ಬೇಸಿನ್ ಆಗಲೇ ಒರೆಸಿಟ್ಟಾಗಿದೆ.

‘ಅಮ್ಮ, ನಡಿ. ಮೊದಲು ಇಳಿಯೋಕೆ ಅಂತ ದುಡ್ಡು ಕಟ್ಟಿದೀನಿ. ಅದನ್ನೆಲ್ಲ ಅವರು ಮಾಡ್ಕೋತಾರೆ. ಅದು ಅವರ ಕೆಲಸ.’

‘ನಂದೂ ಅದೇ ಕೆಲಸ ಆಗಿತ್ತಲ್ಲ.’

ಶಿವಮೊಗ್ಗದ ವಿನೋಬನಗರದ ನಾಲ್ಕು ಮನೆಗಳಲ್ಲಿ ವರ್ಷಾನುಗಟ್ಟಲೆ ಮನೆಗೆಲಸ ಮಾಡಿದವಳು ಅಮ್ಮ. ನನ್ನ ಕಾಲೇಜಿನ ಫೀಸು ಬಂದದ್ದು ಅಲ್ಲಿಂದ.

‘ಎದ್ದ ಹಾಸಿಗೆ ಹಾಗೇ ಬಿಟ್ಟು ಹೋಗೋರನ್ನ ಕಂಡ್ರೆ ನಂಗಾಗ್ತಿರಲಿಲ್ಲ. ಈಗ ನಾನೇ ಬಿಟ್ಟು ಹೋಗ್ಲಾ?’

ರೂಮು ನೋಡಿಕೊಳ್ಳುವ ಹೆಂಗಸು ಬಂದು ಗಾಬರಿಯಾದಳು. ಬೇಡ ಬೇಡ ಅಂತ ಒಂದು ತುದಿ ಎಳೆದಳು. ಅಮ್ಮ ಇನ್ನೊಂದು ತುದಿ ಬಿಡಲಿಲ್ಲ. ಒಬ್ಬರ ಭಾಷೆ ಒಬ್ಬರಿಗೆ ಬಾರದ ಇಬ್ಬರೂ ಸೇರಿ ನಗುತ್ತಾ ಶೀಟು ಮಡಚಿದರು. ಆಮೇಲೆ ದಿಂಬು, ಕನ್ನಡಿ, ಮೇಜು, ನೆಲ. ಅಷ್ಟರಲ್ಲಿ ಪ್ರಯಾರಿಟಿಯವರು ಇಳಿದು ಟ್ಯಾಕ್ಸಿ ಹತ್ತಿಯಾಗಿತ್ತು. ಉಳಿದವರ ಸರದಿಯೂ ಮುಗಿಯಿತು. ನಾನು ದುಡ್ಡು ಕೊಟ್ಟು ಕೊಂಡ ಭಾಗ್ಯ ಕಣ್ಣೆದುರೇ ಹೋಯಿತು. ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ನಾವೇ ಕೊನೆ. ಇಳಿಯುವ ಬಾಗಿಲ ಹತ್ತಿರ ಬಿಳಿ ಯೂನಿಫಾರ್ಮಿನ ಆಫೀಸರ್ ಒಬ್ಬರು ಮೇಜು ಹಾಕಿಕೊಂಡು ಕೂತಿದ್ದರು. ಮೊದಲ ಸಲ ಹಡಗು ಹತ್ತಿದವರಿಗೆ ಸರ್ಟಿಫಿಕೇಟು. ಮುಂದೆ ಹೋದವರು ಅವಸರದಲ್ಲಿ ನಿಂತಿರಲಿಲ್ಲವೇನೋ, ಮೇಜಿನ ಮೇಲೆ ರಾಶಿ ಹಾಗೇ ಇತ್ತು. ಅವರು ಅಮ್ಮನ ಹೆಸರು ಕೇಳಿ, ನಿಧಾನವಾಗಿ ಬರೆದು, ಎದ್ದು ನಿಂತು ಕೊಟ್ಟರು. ಅಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ತಗೊಂಡಳು. ಈ ಸಲ ಗೇಟಿನ ಹೊರಗೆ ನಿಂತವರು ಯಾರೂ ಇರಲಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಮೆಟ್ಟಿಲಿಳಿದು ಅಮ್ಮ ಹಡಗನ್ನೊಮ್ಮೆ ತಿರುಗಿ ನೋಡಿದಳು. ಆಮೇಲೆ ನನ್ನನ್ನು.

‘ದುಡ್ಡು ಕೊಟ್ಟು ಹತ್ತಿದ ಹಡಗಿಂದ ಬೇಗ ಇಳಿಯೋಕೂ ದುಡ್ಡು ಕೊಟ್ಟಿದ್ಯಲ್ಲ ಮಾರಾಯ್ತಿ, ನಿಂಗೆ ಇಲ್ಲಿ ಏನು ಸೇರಲಿಲ್ಲ?’