ಮೂರು ಹೊತ್ತಿನ ಭತ್ತ

ಒಂದು ಲಾರಿ ಭತ್ತದ ವ್ಯಾಪಾರ ದಲ್ಲಾಳಿಯಾದ ನನ್ನ ಮೊಬೈಲ್ ಫೋಟೊದ ಮೇಲೆ ನಿಂತಿತ್ತು. ಕೊಳ್ಳಬೇಕಾದ ಗಿರಣಿ ಮಾಲೀಕರು ಕಾಲು ಉಳುಕಿಸಿಕೊಂಡು ಹರಿಹರದ ಮನೆಯಲ್ಲಿ ಮಲಗಿದ್ದರು. ಭತ್ತ ಮಲೆಬೆನ್ನೂರಿನ ಹತ್ತಿರ, ಅದನ್ನು ಬೆಳೆದ ಹನುಮಕ್ಕನ ಕಣದಲ್ಲಿ ಹರವಿತ್ತು.

ಬೆಳಗಿನ ಮಂಜಿನಲ್ಲಿ ತೆಗೆದ ಫೋಟೊ ನೀಲಿಯಾಗಿ ಬಂತು. “ಇನ್ನೂ ಹಸಿ ಐತಲ್ರಿ,” ಎಂದು ಮಾಲೀಕರು ಫೋನಿನಲ್ಲೇ ಗದರಿದರು. ನಡುಮಧ್ಯಾಹ್ನದ್ದು ಬಿಳಿಚಿಕೊಂಡಿತು. “ಹಳೇ ಮಾಲು ತೋರಿಸ್ತೀರೇನ್ರಿ?”

ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕಣವೆಲ್ಲ ಬಂಗಾರವಾಯಿತು. ಒಂದೊಂದು ಕಾಳಿಗೂ ಪುಟ್ಟದೊಂದು ನೆರಳು. ವ್ಯಾಪಾರ ಮರೆತು ಎಷ್ಟೋ ಹೊತ್ತು ಹಾಗೇ ನೋಡುತ್ತ ನಿಂತೆ. ಆಮೇಲೆ ಅದನ್ನೂ ಕಳಿಸಿದೆ.

“ಇಷ್ಟು ಚೆಂದ ಭತ್ತ ಎಲ್ಲೂ ಇರಂಗಿಲ್ಲ. ಫೋಟೊಕ್ಕೆ ಏನೋ ಮಾಡೀರಿ!” ಎಂದರು ಮಾಲೀಕರು.

ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಹನುಮಕ್ಕ ನಕ್ಕಳು. “ಫೋಟೊ ನೋಡಿ ಸೀರೆ ತರಿಸಿ ಮೋಸ ಹೋದೋಳು ನಾನು, ಸಾವ್ಕಾರ್ರೆ. ಭತ್ತದ ಪಕ್ಕ ನಿಮ್ಮ ಬಿಳಿ ಟವಲ್ ಇಟ್ಟು ತೆಗೀರಿ. ಟವಲ್ಲಿಗೆ ಎಷ್ಟು ಬಿಸಿಲಿನ ಬಣ್ಣ ಹತ್ತೈತೋ, ಭತ್ತಕ್ಕೂ ಅಷ್ಟೇ ಹತ್ತೈತೆ ಅಂತ ಅವರೇ ತಿಳ್ಕಂತಾರೆ.”

ಹೆಗಲ ಮೇಲಿನ ಟವಲ್ ಹಾಸಿ ತೆಗೆದು ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: “ಮಾಲು ಸರಿ ಐತೆ, ಲೋಡ್ ಮಾಡಿಸ್ರಿ. ಆ ಟವಲ್ ಮಾತ್ರ ಒಗೆಸ್ರಿ.”

ಒಟ್ಟು ಗಳಿಕೆ: ಒಂದು ಲಾರಿ ಭತ್ತದ ಕಮಿಷನ್, ಪುಕ್ಕಟೆಯಾಗಿ ಒಂದು ಸಂಜೆ. ಕಳೆಯಬೇಕಾದದ್ದು ಸೋಪಿನ ಖರ್ಚು.