ಓದದ ಪ್ರಬಂಧ ಅಚ್ಚಾಗುವುದಿಲ್ಲ

ನಮ್ಮದು ಧರ್ಮ ಸಂಶೋಧನೆಯ ಸಂಘ. ಹೆಸರು ಕೇಳಿ ಹೆದರಬೇಡಿ. ಅಮೀರ್‌ಪೇಟ್‌ನಲ್ಲಿ ಒಂದು ಕೋಚಿಂಗ್ ಸೆಂಟರಿನ ಮೇಲಿನ ಮಹಡಿ, ಎರಡು ಕೋಣೆ, ನಾಲ್ಕು ಬೀರು, ಮೂವತ್ತು ಚಿಲ್ಲರೆ ಸದಸ್ಯರು, ಅಷ್ಟೇ. ಹೆಚ್ಚಿನವರು ಕಲಬುರಗಿ, ಬೀದರ್ ಕಡೆಯಿಂದ ಬಂದು ಹೈದರಾಬಾದಿನಲ್ಲೇ ಕೂದಲು ಬೆಳ್ಳಗಾದವರು. ವರ್ಷಕ್ಕೊಮ್ಮೆ ಸಭೆ. ಅವತ್ತು ಓದಿದ ಪ್ರಬಂಧಗಳೇ ಆ ವರ್ಷದ ಸಂಪುಟ. ನಾನು ಬೇಗಂಪೇಟೆಯ ಆಫೀಸೊಂದರಲ್ಲಿ ಕೆಲಸ ಮಾಡಿಕೊಂಡು ಇಲ್ಲಿ ಸಹ ಕಾರ್ಯದರ್ಶಿಯಾಗಿದ್ದೇನೆ. ಅಂದರೆ ನೋಟಿಸು ಕಳಿಸುವವಳು, ಗಂಟೆ ಬಾರಿಸುವವಳು, ನಡಾವಳಿ ಬರೆಯುವವಳು.

ನಮ್ಮಲ್ಲಿ ಒಂದು ನಿಯಮವಿದೆ. ಪ್ರಬಂಧ ಬರೆದವರೇ ಸಭೆಯ ಮುಂದೆ ನಿಂತು ಓದಬೇಕು, ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು. ಇಲ್ಲದಿದ್ದರೆ ಅಚ್ಚಿಲ್ಲ. ಬಹಳ ಹಿಂದೆ ಒಬ್ಬ ಪುಣ್ಯಾತ್ಮ ಬೇರೆಯವರ ಲೇಖನಕ್ಕೆ ತನ್ನ ಹೆಸರು ಹಾಕಿ ಅಂಚೆಯಲ್ಲಿ ಕಳಿಸಿದ್ದನಂತೆ. ಅದು ಅಚ್ಚಾಗಿ ಸಂಘದ ಮಾನ ಹೋದ ಮೇಲೆ ಬಂದ ನಿಯಮ ಇದು. ಒಳ್ಳೆಯದೇ. ನಾನೂ ಎಷ್ಟೋ ಸಲ ಅದನ್ನು ಹೊಗಳಿದ್ದೇನೆ.

ಸಂಘದಲ್ಲಿ ಒಬ್ಬ ಹಿರಿಯರಿದ್ದಾರೆ, ನಿವೃತ್ತ ಹೈಸ್ಕೂಲ್ ಮಾಸ್ತರು. ಮೊಹರಂನಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವ ರಿವಾಯತ್ ಪದಗಳು ಅವರ ವಿಷಯ. ಅದಕ್ಕಾಗಿ ಹಳ್ಳಿಗಳಿಗೆ ಹೋದವರಲ್ಲ, ಹೈದರಾಬಾದಿನ ಅಂಚಿನ ಉಪ್ಪಲ್ ಕಡೆ ಕಟ್ಟಡ ಎದ್ದಲ್ಲೆಲ್ಲ ಹೋದವರು. ಯಾದಗಿರಿ, ರಾಯಚೂರಿನ ಕೂಲಿಕಾರರು ಭಾನುವಾರ ಬಟ್ಟೆ ಒಗೆದು ಕೂತಾಗ ಇವರೂ ಮರಳಿನ ಗುಡ್ಡೆಯ ಮೇಲೆ ಕೂತು ಅವರು ಹಾಡಿದ್ದನ್ನು ಬರೆದುಕೊಳ್ಳುತ್ತಿದ್ದರು. ಕಟ್ಟಡ ಮುಗಿದರೆ ಕೂಲಿಕಾರರ ಶೆಡ್ಡುಗಳೂ ಇಲ್ಲ, ಹಾಡಿದವರೂ ಇಲ್ಲ. ಎಷ್ಟೋ ಪದಗಳು ಈಗ ಮಾಸ್ತರರ ನೋಟುಬುಕ್ಕಿನಲ್ಲಿ ಬಿಟ್ಟರೆ ಮತ್ತೆಲ್ಲೂ ಸಿಗುವುದಿಲ್ಲ.

ನಾಲ್ಕು ವರ್ಷ ನಾನು ಅವರ ಪ್ರಬಂಧವನ್ನು ಕಾರ್ಯಕ್ರಮದಲ್ಲಿ ಕೊನೆಗೇ ಹಾಕಿದೆ. ಯಾಕೆ ಗೊತ್ತೇ? ಅವರು ಜಗಳ ಮಾಡುವುದಿಲ್ಲ. ಉಳಿದವರೆಲ್ಲ ಮಾಡುತ್ತಾರೆ. ನಾಲ್ಕೂ ವರ್ಷ ಮೊದಲಿನವರು ಹೊತ್ತು ತಿಂದರು, ಮಾಸ್ತರರ ಸರದಿ ಬರುವಷ್ಟರಲ್ಲಿ ಸಭೆ ಮುಗಿಯಿತು.

“ಇರ್ಲಿ ಬಿಡವಾ, ಮುಂದಿನ ವರ್ಷ ಓದಿದ್ರಾತು. ಪದ ಏನ್ ಹಳಸ್ತಾವೇನು?” ಎನ್ನುತ್ತಿದ್ದರು.

ಈ ವರ್ಷ ಅವರ ಗಂಟಲಲ್ಲಿ ಗಡ್ಡೆ ಬಂತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ರೋಗ ಆಗಲೇ ಮುಂದಕ್ಕೆ ಹೋಗಿತ್ತು, ಡಾಕ್ಟರು ಮುಂದಿನ ವರ್ಷದ ಮಾತೇ ಎತ್ತಲಿಲ್ಲ. ಇದೆಲ್ಲ ನನಗೆ ಸಭೆಗೆ ಎರಡು ತಿಂಗಳ ಮೊದಲೇ ಗೊತ್ತಿತ್ತು. ನಿಯಮ ತಿದ್ದಬೇಕೆಂದರೆ ತಿಂಗಳ ಮೊದಲು ನೋಟಿಸು ಕೊಡಬೇಕೆಂಬುದೂ ಗೊತ್ತಿತ್ತು. ಕೊಡಲಿಲ್ಲ. ನಾನು ಎದ್ದು ಅವರ ಪರವಾಗಿ ಓದಿದರೆ ಯಾರು ಬೇಡ ಎನ್ನುತ್ತಾರೆ ಅಂದುಕೊಂಡೆ. ಇಷ್ಟು ವರ್ಷ ಸಂಶೋಧಕರ ಜೊತೆ ಇದ್ದೂ ಹಾಗಂದುಕೊಂಡೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು?

ಸಭೆಯ ದಿನ ಅವರನ್ನು ಮೊದಲಿಗೆ ಹಾಕಿದ್ದೆ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು, ಬರೆದು ತೋರಿಸಲು ಒಂದು ಪುಟ್ಟ ಪ್ಯಾಡು ಹಿಡಿದು ಕೂತಿದ್ದರು. ನಾನು ಎದ್ದೆ.

“ಮಾಸ್ತರ ಪ್ರಬಂಧ ನಾ ಓದ್ತೀನ್ರಿ.”

“ಹಂಗ ಬರಂಗಿಲ್ರಿ ಅಕ್ಕಾರ.”

ಹೇಳಿದವರು ಒಬ್ಬ ನಿವೃತ್ತ ಲೆಕ್ಚರರ್, ಮಾಸ್ತರರ ಜೀವದ ಗೆಳೆಯರು. ರಿವಾಯತ್ ಧರ್ಮವೋ ಬರೀ ಮನರಂಜನೆಯೋ ಎಂದು ಇಬ್ಬರೂ ವರ್ಷಗಟ್ಟಲೆ ಕಚ್ಚಾಡಿದವರು.

“ಅವರಿಗೆ ದನಿ ಇಲ್ರಿ ಸರ್.”

“ನನಗ ಗೊತ್ತಿಲ್ಲೇನು? ದವಾಖಾನ್ಯಾಗ ಅವನ ಕಾಲ್ದೆಸಿ ಕುಂತಾಂವ ನಾ. ಆದ್ರ ಇವತ್ತು ಇವನಿಗೆ ಬಿಟ್ರ ನಾಳೆ ಎಲ್ಲಾರೂ ತಮ್ಮ ಕಡಿಯಿಂದ ಒಬ್ಬೊಬ್ಬರನ್ನ ಕಳಸ್ತಾರ.”

“ನಾ ನಮ್ಮ ಮನಿಯಾಕೀನ್ನ ಕಳಸ್ತೀನ್ರೀ, ಆಕಿ ದನಿ ನನಗಿಂತ ಜೋರ್ ಐತಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು, ಭುಜ ಮಾತ್ರ ಅಲುಗಿತು.

“ಹಂಗಾರ ನಿಯಮಾನ ತಿದ್ದೂಣ್ರಿ,” ಎಂದೆ.

ಅಧ್ಯಕ್ಷರು ಕನ್ನಡಕ ಒರೆಸುತ್ತ, “ನೋಟಿಸ್ ಕೊಟ್ಟೀರೇನವಾ?” ಎಂದರು.

“ಇಲ್ರಿ.”

“ಮತ್ತ?”

ನನ್ನ ತಲೆ ಕೆಟ್ಟಿತು. “ಇಷ್ಟು ಮಂದಿ ಜೀವಮಾನಪೂರ್ತಿ ಧರ್ಮದ ಮ್ಯಾಲ ಓದೀರಿ, ಒಬ್ಬರಿಗರ ಕರುಣಾ ಅನ್ನೂದು ಐತೇನು?”

“ಅದು ಬ್ಯಾರೆ ಪ್ರಬಂಧ ಆಕ್ಕೈತ್ರಿ ಅಕ್ಕಾರ,” ಎಂದರು ಮುಂದಿನ ಸಾಲಿನವರೊಬ್ಬರು. ಅದಕ್ಕೂ ನಗು.

ಮಾಸ್ತರರು ಮೇಜು ಕುಟ್ಟಿದರು. ಪ್ಯಾಡು ಎತ್ತಿ ಹಿಡಿದರು: ನಾನೇ ಓದುತ್ತೇನೆ.

ಎದ್ದು ನಿಂತರು, ಹಾಳೆ ಬಿಡಿಸಿದರು, ತುಟಿ ಆಡಿಸತೊಡಗಿದರು. ಬೆರಳು ಸಾಲಿನ ಮೇಲೆ ಹೋಗುತ್ತಿತ್ತು. ಪದ ಬಂದ ಕಡೆ ಎಡಗೈ ಮೇಜಿನ ಅಂಚಿಗೆ ತಾಳ ಹಾಕುತ್ತಿತ್ತು. ಕೆಳಗಿನ ಕೋಚಿಂಗ್ ಕ್ಲಾಸಿನ ಮೈಕಿನಲ್ಲಿ ಯಾರೋ ತೆಲುಗಿನಲ್ಲಿ ಕಂಪ್ಯೂಟರ್ ಪಾಠ ಒದರುತ್ತಿದ್ದರು. ನಮ್ಮ ಕೋಣೆಯಲ್ಲಿ ಆ ತಾಳ ಬಿಟ್ಟರೆ ಅದೊಂದೇ ಸದ್ದು. ಇಪ್ಪತ್ತು ನಿಮಿಷಕ್ಕೆ ಗಂಟೆ ಬಾರಿಸಬೇಕಾದವಳು ನಾನು, ಬಾರಿಸಲಿಲ್ಲ. ನನ್ನ ಮುಂದೆ ಇದ್ದ ಪ್ರತಿಯಲ್ಲಿ ಅವರ ಜೊತೆ ಜೊತೆಗೇ ಓದಿಕೊಂಡೆ. ಒಂದು ಸಾಲನ್ನೂ ಹಾರಿಸಲಿಲ್ಲ ಅವರು.

ಮುಗಿಸಿದ ಮೇಲೆ ಕೂರಲಿಲ್ಲ. ಪೆನ್ನು, ಪ್ಯಾಡು ಹಿಡಿದು ಲೆಕ್ಚರರ್ ಗೆಳೆಯರನ್ನೇ ನೋಡುತ್ತ ನಿಂತರು. ಪ್ರಶ್ನೆಗಾಗಿ.

ಗೆಳೆಯರ ಮುಖ ಕಪ್ಪಿಟ್ಟಿತು. “ನನಗ ಕೇಳಸಲಿಲ್ಲೋ ಮಾರಾಯಾ. ಕೇಳಸದಿದ್ದದ್ದಕ್ಕ ಏನಂತ ಪ್ರಶ್ನೆ ಹಾಕ್ಲಿ?”

“ಪ್ರತಿ ಕೊಡ್ತೀನಿ, ಓದ್ಕೊಂಡು ಕೇಳ್ರಿ,” ಎಂದೆ.

“ಓದ್ಕೊಂಡು ಕೇಳೂದಾಗಿದ್ರ ಸಭಾ ಯಾಕ ಬೇಕ್ರಿ?”

ಮಾಸ್ತರರು ನಿಂತೇ ಇದ್ದರು. “ಮುಂದಿನ ವರ್ಷ ವಿಚಾರ ಮಾಡೂಣು,” ಎಂದ ಅಧ್ಯಕ್ಷರು ಮುಂದಿನ ಪ್ರಬಂಧಕ್ಕೆ ಕರೆದರು. ಆಗ ಮಾಸ್ತರರು ಕೂತರು.

ನಡಾವಳಿ ಪುಸ್ತಕದಲ್ಲಿ ನಾನು ಬರೆದೆ: ‘ಲೇಖಕರು ಸ್ವತಃ ಪ್ರಬಂಧ ಓದಿದರು.’ ಸಂಜೆ ಅಧ್ಯಕ್ಷರು ಅದರ ಮೇಲೆ ಬೆರಳಿಟ್ಟು, “ಇದಕ್ಕ ನಾ ಹೆಂಗ ಸಹಿ ಮಾಡ್ಲವಾ?” ಎಂದು ಪುಸ್ತಕ ಹಿಂದಕ್ಕೆ ತಳ್ಳಿದರು.

ಪ್ರಬಂಧದ ನನ್ನ ಪ್ರತಿ ಇನ್ನೂ ಕೈಯಲ್ಲೇ ಇತ್ತು, ಮೆಟ್ಟಿಲಿಳಿಯುವಾಗ ಇನ್ನೊಂದು ಕೈಯಿಂದ ಮಾಸ್ತರರ ಕೈ ಹಿಡಿದುಕೊಂಡೆ. “ಸರ್, ಸಂಘ ಹಾಳಾಗಿ ಹೋಗ್ಲಿ. ನಾ ಫೋನಿನ್ಯಾಗ ಏನೇನೋ ಬರದು ಹಾಕ್ತೀನಲ್ಲ, ಭಾಳ ಮಂದಿ ಓದ್ತಾರ. ಅಲ್ಲೇ ಹಾಕ್ತೀನಿ, ಇವತ್ತ ಹಾಕ್ತೀನಿ. ಹೂಂ ಅನ್ರಿ.”

ಅವರು ಗೋಡೆಗೆ ಪ್ಯಾಡು ಒತ್ತಿ ಬರೆದರು: ಅಲ್ಲಿ ಓದುವವರು ಪ್ರಶ್ನೆ ಕೇಳುತ್ತಾರೇನು?

ನನ್ನ ಪೋಸ್ಟುಗಳ ಕೆಳಗೆ ಬರುವ ಹೃದಯ, ಕೈಮುಗಿದ ಚಿತ್ರ, ‘ಸೂಪರ್ ಮೇಡಂ’ ಎಲ್ಲ ನೆನಪಾಯಿತು. “ಕೇಳಂಗಿಲ್ರಿ,” ಎಂದೆ. ಮಾಸ್ತರರು ಆ ಹಾಳೆಗಳನ್ನು ನನ್ನ ಕೈಯಿಂದ ಬಿಡಿಸಿಕೊಂಡು, ಚೀಲಕ್ಕೆ ಹಾಕಿ, ಮೆಟ್ರೋ ಕಡೆ ನಡೆದರು.