ಮನೆಯಲ್ಲೂ ಕನ್ನಡವೇ ಆಡಿ ಎಂದಿದ್ದೆ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಉಪ್ಪಾರಹಳ್ಳಿಯ ಸಣ್ಣ ಶಾಲೆಯೊಂದರಲ್ಲಿ ಒಂದನೇ ತರಗತಿಯ ಮಿಸ್. ಕೆಲಸ ಹೊಸದು. ಆದರೂ ಮಕ್ಕಳ ವಿಷಯದಲ್ಲಿ ನನಗೆ ತಿಳಿಯದ್ದೇನೂ ಇಲ್ಲವೆಂಬ ಜಂಬ ಹೆಡ್‌ಮಾಸ್ಟರಿಗಿಂತ ಒಂದು ಕೈ ಹೆಚ್ಚೇ ಇತ್ತು.

ಆ ವರ್ಷ ಚೀನಾದವರ ಹುಡುಗಿಯೊಬ್ಬಳು ಸೇರಿದಳು. ಅವಳ ಅಪ್ಪ ಹಲ್ಲಿನ ಡಾಕ್ಟರು. ಊರಲ್ಲೊಂದು ಅಂಗಡಿ, ಸಂತೆಯ ದಿನ ಗುಬ್ಬಿ, ಇನ್ನೊಂದು ದಿನ ಕುಣಿಗಲ್. ಹಲ್ಲು ಕೀಳುತ್ತ ಕೀಳುತ್ತಲೇ ಕನ್ನಡ ಕಲಿತಿದ್ದರು. ತಾಯಿ ಕಲ್ಕತ್ತಾದ ಚೀನೀ ಕೇರಿಯಿಂದ ಮದುವೆಯಾಗಿ ಬಂದವರು. ಅವರ ಕನ್ನಡ ತರಕಾರಿ ಕೊಳ್ಳುವಷ್ಟು. ಹುಡುಗಿಯಂತೂ ಮೂರು ತಿಂಗಳಾದರೂ ತರಗತಿಯಲ್ಲಿ ತುಟಿ ಬಿಚ್ಚಲಿಲ್ಲ. ಮಾತು ಬರಲೆಂದು ನಾನು ಮನೆಯಿಂದ ಬಜೆ ತೇಯ್ದು ತಂದು ಅವಳ ನಾಲಿಗೆಗೆ ತಿಕ್ಕಿದೆ. ಪಾಪ, ಮುಖ ಕಿವಿಚಿಕೊಂಡು ನುಂಗಿದಳು.

ಒಂದು ಸಂಜೆ ಅವರ ಮನೆಗೇ ಹೋದೆ. ಹಿತ್ತಲಲ್ಲಿ ತಾಯಿ ಅವಳ ತಲೆ ಬಾಚುತ್ತಿದ್ದರು. ಹುಡುಗಿ ಚೀನೀ ಭಾಷೆಯಲ್ಲಿ ಪಟಪಟನೆ ಹರಟುತ್ತಿದ್ದಳು, ನಗುತ್ತಿದ್ದಳು, ಏನಕ್ಕೋ ಹಟ ಮಾಡುತ್ತಿದ್ದಳು. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಅದೂ ಮಾತೇ ಎಂದು ನನಗೆ ಹೊಳೆಯಲೇ ಇಲ್ಲ. ರೋಗದ ಮೂಲ ಸಿಕ್ಕಿತೆಂದುಕೊಂಡೆ.

"ಮನೇಲಿ ನಿಮ್ ಭಾಷೆ ನಿಲ್ಲಿಸ್ಬಿಡಿ," ಎಂದೆ. "ಎರಡೆರಡು ಕಲಸಿದ್ರೆ ಮಗೂಗೆ ಒಂದೂ ಬರಲ್ಲ. ಬರೀ ಕನ್ನಡ ಆಡಿ."

"ನಂಗೆ ಕನ್ನಡ ಸೊಲ್ಪ, ಮಿಸ್. ಏನ್ ಮಾತಾಡ್ಲಿ?"

"ಬಂದಷ್ಟು ಆಡಿ, ಸಾಕು."

ಮಿಸ್ ಹೇಳಿದ್ದೆಂದರೆ ಆ ಮನೆಯಲ್ಲಿ ವೇದವಾಕ್ಯ. ಗಂಡ ಹೆಂಡತಿ ಮಗಳೆದುರು ತಮ್ಮ ಭಾಷೆ ಆಡುವುದನ್ನೇ ಬಿಟ್ಟರು. ಅಂದಿನಿಂದ ಆ ತಾಯಿ ಮಗಳೊಡನೆ ಬಾ, ತಿನ್ನು, ಮಲಗು ಎಂಬಷ್ಟರಲ್ಲೇ ದಿನ ದೂಡಿದರು. ಕಥೆ ಹೇಳುವುದು ನಿಂತಿತು, ಬೈಯುವುದೂ ನಿಂತಿತು. ಬೈಯಲೂ ಮಾತು ಬೇಕಲ್ಲ! ಇತ್ತ ಹುಡುಗಿ ವರ್ಷ ತುಂಬುವುದರೊಳಗೆ ಅರಳು ಹುರಿದಂತೆ ಕನ್ನಡ ಆಡತೊಡಗಿದಳು. ಶಾಲೆಯಲ್ಲಿ ಅಷ್ಟು ದಿನ ಕಿವಿಗೆ ಬಿದ್ದರೆ ಯಾವ ಮಗುವಾದರೂ ಆಡುತ್ತದೆ. ನಾನು ಮಾತ್ರ ಅದು ನನ್ನ ಸಾಧನೆಯೆಂದು ಸ್ಟಾಫ್ ರೂಮಿನಲ್ಲಿ ಬೀಗಿದೆ.

ಅವಳು ಏಳನೆಯ ತರಗತಿ ಮುಗಿಸಿದ ಬೇಸಿಗೆ. ಒಂದು ಮಧ್ಯಾಹ್ನ ನನ್ನ ಮನೆಗೆ ಓಡಿ ಬಂದು ಕೈ ಹಿಡಿದೆಳೆದಳು. ಅವಳ ಅಪ್ಪ ಊರಲ್ಲಿರಲಿಲ್ಲ. ಹೋಗಿ ನೋಡಿದರೆ ತಾಯಿ ನೆಲದ ಮೇಲೆ ಕೂತಿದ್ದರು, ತೊಡೆಯ ಮೇಲೆ ಕಲ್ಕತ್ತಾದ ಕಾಗದ.

"ನನ್ ಅಮ್ಮ ಸತ್ತೋಯ್ತು," ಎಂದರು. ಅವರ ಕನ್ನಡ ಅಲ್ಲಿಗೆ ಮುಗಿಯಿತು.

ಆಮೇಲೆ ಮಗಳ ಎರಡೂ ಕೈ ಹಿಡಿದುಕೊಂಡು ತಮ್ಮ ಭಾಷೆಯಲ್ಲಿ ಶುರುಮಾಡಿದರು. ಅಳುತ್ತ, ನಡುವೆ ಒಮ್ಮೆ ನಕ್ಕು, ಬಹಳ ಹೊತ್ತು ಹೇಳಿದರು. ಹುಡುಗಿ ತಾಯಿಯ ಬಾಯನ್ನೇ ನೋಡುತ್ತಿದ್ದಳು. ಕೊನೆಗೆ ನನ್ನತ್ತ ತಿರುಗಿದಳು.

"ಮಿಸ್, ಅಮ್ಮ ಏನ್ ಹೇಳ್ತಾ ಅವ್ರೆ?"

"ಗೊತ್ತಿಲ್ಲ ಕಣೇ," ಎಂದೆ. ಅವಳಿಗೂ ಗೊತ್ತಾಗದಂತೆ ಮಾಡಿದವಳು ನಾನೇ ಎಂದು ಹೇಳುವ ಧೈರ್ಯ ಅವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.